ಕುಂಡೆ ಹಬ್ಬ

ಕುಂಡೆ ಹಬ್ಬವು ಕೊಡಗು ಜಿಲ್ಲೆಯ ದೇವರಪುರದಲ್ಲಿ ಪ್ರತಿವರ್ಷ ಮೇ ತಿಂಗಳಿನಲ್ಲಿ ನಡೆಯುವ ಆದಿವಾಸಿಗಳ ಹಬ್ಬ. ಜೇನುಕುರುಬ, ಬೆಟ್ಟಕುರುಬ ಹಾಗೂ ಎರವ ಸಮುದಾಯಗಳ ಜನರು ಬಗೆಬಗೆಯ ವೇಷ ಧರಿಸಿ, ದೇವರನ್ನೂ ದಾರಿಯಲ್ಲಿ ಎದುರಾದವರನ್ನೂ ಹಾಡಿನ ಮೂಲಕ ಬೈಯುತ್ತ ಹಣ ಬೇಡುವುದು ಇದರ ವೈಶಿಷ್ಟ್ಯ. ಕರ್ನಾಟಕದ ವಿಡಂಬನಾತ್ಮಕ ಜನಪದ ಗಾಯನದಲ್ಲಿ ಬೈಗುಳವೇ ಹರಕೆಯಾಗಿ ಸಲ್ಲುವ ಅಪರೂಪದ ಸಂಪ್ರದಾಯವಿದು. ಇದನ್ನು 'ಬೇಡು ಹಬ್ಬ' ಎಂದೂ ಕರೆಯುತ್ತಾರೆ.

ಹೆಸರು

'ಕುಂಡೆ' ಎಂದರೆ ಪೃಷ್ಠ. ಹಬ್ಬದ ಹಾಡುಗಳಲ್ಲಿ ಈ ಪದ ಪಲ್ಲವಿಯಂತೆ ಮತ್ತೆ ಮತ್ತೆ ಬರುವುದರಿಂದ ಹಬ್ಬಕ್ಕೂ ಅದೇ ಹೆಸರು ನಿಂತಿದೆ. ವೇಷ ಧರಿಸಿ ಬೇಡುವ ಹಬ್ಬಗಳು ದಕ್ಷಿಣ ಕೊಡಗಿನ ಇತರ ಊರುಗಳಲ್ಲಿಯೂ ಇವೆ. ಕೊಡವ ಭಾಷೆಯಲ್ಲಿ ಅವುಗಳಿಗೆ 'ಬೋಡ್ ನಮ್ಮೆ' ಎಂಬ ಹೆಸರಿದೆ.

ಸ್ಥಳ ಮತ್ತು ಕಾಲ

ದೇವರಪುರವು ತಿತಿಮತಿ ಮತ್ತು ಗೋಣಿಕೊಪ್ಪಲಿಗೆ ಸಮೀಪದ ಗ್ರಾಮ. ಮೊದಲು ವಿರಾಜಪೇಟೆ ತಾಲ್ಲೂಕಿನಲ್ಲಿದ್ದ ಈ ಪ್ರದೇಶ ಈಗ ಪೊನ್ನಂಪೇಟೆ ತಾಲ್ಲೂಕಿಗೆ ಸೇರಿದೆ. ಹುಣಸೂರಿನಿಂದ ಆನೆಚೌಕೂರು ಕಾಡಿನ ಮೂಲಕ ಕೊಡಗನ್ನು ಪ್ರವೇಶಿಸುವ ರಸ್ತೆ ತಿತಿಮತಿಯನ್ನು ಹಾದುಹೋಗುತ್ತದೆ. ಹಬ್ಬವನ್ನು ಆಚರಿಸುವ ಸಮುದಾಯಗಳ ನೆಲೆ ಕೊಡಗಿನ ಗಡಿಗೆ ಸೀಮಿತವಲ್ಲ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ಕಾಡಂಚಿನಲ್ಲಿಯೂ ಜೇನುಕುರುಬರ ಹಾಡಿಗಳಿವೆ.

ಹಬ್ಬವು ಮೇ ತಿಂಗಳ ಕೊನೆಯ ಭಾಗದ ಗುರುವಾರ ನಡೆಯುತ್ತದೆ. ಕಾಫಿ ಕೊಯ್ಲು ಮುಗಿದು, ಮುಂಗಾರು ಇನ್ನೂ ಆರಂಭವಾಗದ ಬಿಡುವಿನ ಕಾಲವದು. ತೋಟದ ಕಾರ್ಮಿಕರಿಗೆ ಅಂದು ಕೆಲಸವಿರುವುದಿಲ್ಲ.

ಐತಿಹ್ಯ

ಬೈಗುಳಕ್ಕೆ ಕಾರಣವಾಗಿ ಒಂದು ಕಥೆ ಪ್ರಚಲಿತವಾಗಿದೆ. ಬೇಟೆಯ ದೇವರಾದ ಅಯ್ಯಪ್ಪನು ಕಾಡಿನ ಜನರನ್ನು ತನ್ನೊಡನೆ ಬೇಟೆಗೆ ಕರೆದೊಯ್ದನು. ನಡುದಾರಿಯಲ್ಲಿ ಭದ್ರಕಾಳಿಯನ್ನು ಕಂಡು ಮೋಹಗೊಂಡು, ಜೊತೆಗೆ ಬಂದವರನ್ನು ಕಾಡಿನಲ್ಲಿಯೇ ಬಿಟ್ಟು ಅವಳ ಹಿಂದೆ ಹೋದನು. ನಂಬಿ ಬಂದವರು ಸಿಟ್ಟಿನಿಂದ ದೇವರನ್ನೇ ಬೈದರು. ಅಂದಿನ ಬೈಗುಳದ ನೆನಪೇ ಇಂದಿನ ಹಬ್ಬವೆಂದು ಹೇಳಲಾಗುತ್ತದೆ. ದೊಡ್ಡವರನ್ನು ನಂಬಿ ಹೋದವರು ನಡುವೆ ಕೈಬಿಡಲ್ಪಟ್ಟರೆಂಬ ದೂರು ಈ ಕಥೆಯ ತಿರುಳು.

ವೇಷ ಮತ್ತು ವಾದ್ಯಗಳು

ಗಂಡಸರು ಸೀರೆ, ರವಿಕೆ, ಚೂಡಿದಾರ ತೊಟ್ಟು ಹೆಣ್ಣುವೇಷ ಹಾಕುವುದು ಸಾಮಾನ್ಯ. ಕೆಲವರು ಮುಖಕ್ಕೆ ಬಣ್ಣ ಬಳಿದುಕೊಂಡರೆ, ಕೆಲವರು ಮುಖವಾಡ ಧರಿಸುತ್ತಾರೆ, ಸೊಪ್ಪು ಸುತ್ತಿಕೊಳ್ಳುತ್ತಾರೆ ಅಥವಾ ಹಳೆಯ ಬಟ್ಟೆಗಳನ್ನು ತೊಡುತ್ತಾರೆ. ಸೋರೆ ಬುರುಡೆಯ ಜೊತೆಗೆ ತಗಡಿನ ಡಬ್ಬ, ಒಡೆದ ಪ್ಲಾಸ್ಟಿಕ್ ಕ್ಯಾನುಗಳೂ ವಾದ್ಯಗಳಾಗುತ್ತವೆ. ಕಾಡಿನ ವಸ್ತುವಿನ ಪಕ್ಕದಲ್ಲಿಯೇ ಪೇಟೆಯು ಬಿಸಾಡಿದ ವಸ್ತುವಿಗೂ ಇಲ್ಲಿ ತಾಳದ ಸ್ಥಾನ ದೊರೆತಿದೆ.

ಹಾಡುಗಳು

ಹಾಡಿನ ರಚನೆ ಸರಳವಾದುದು. ಒಬ್ಬನು ಮೊದಲ ಸಾಲನ್ನು ಎತ್ತಿಕೊಳ್ಳುತ್ತಾನೆ, ಉಳಿದವರು 'ಕುಂಡೆ' ಎಂಬ ಪದ ಸೇರಿಸಿ ಸೊಲ್ಲು ಹಾಕುತ್ತಾರೆ. ಸಾಲುಗಳು ಬಹುಪಾಲು ಸ್ಥಳದಲ್ಲಿಯೇ ಹುಟ್ಟುವಂಥವು, ಎದುರಿಗೆ ಸಿಕ್ಕಿದವರ ಉಡುಪು, ವಾಹನ, ಜಿಪುಣತನಗಳೇ ವಸ್ತುವಾಗುತ್ತವೆ. ಪದಗಳು ಹೆಚ್ಚಾಗಿ ಅಶ್ಲೀಲವಾಗಿರುತ್ತವೆ.

ತಂಡಗಳು ಗೋಣಿಕೊಪ್ಪಲು, ಪೊನ್ನಂಪೇಟೆ ಮೊದಲಾದ ಪೇಟೆಗಳಲ್ಲಿ ಅಂಗಡಿಗಳ ಮುಂದೆ ಕುಣಿಯುತ್ತವೆ, ರಸ್ತೆಯಲ್ಲಿ ವಾಹನಗಳನ್ನು ತಡೆದು ಕಾಣಿಕೆ ಕೇಳುತ್ತವೆ. ಹಣ ಕೊಟ್ಟವರಿಗೂ ಬೈಗುಳ ತಪ್ಪುವುದಿಲ್ಲ. ತೋಟದ ಮಾಲೀಕರಾಗಲಿ, ಪ್ರಯಾಣಿಕರಾಗಲಿ ಅಂದು ಸಿಟ್ಟಾಗಬಾರದೆಂಬುದು ರೂಢಿ. ಕೊನೆಗೆ ತಂಡಗಳು ದೇವರಪುರದ ದೇವಾಲಯವನ್ನು ತಲುಪಿ ಕಾಣಿಕೆ ಒಪ್ಪಿಸುತ್ತವೆ. ದಿನವಿಡೀ ಬೈದ ದೇವರ ಬಳಿ ತಪ್ಪೊಪ್ಪಿಗೆ ಸಲ್ಲಿಸಿ ಹಾಡಿಗಳಿಗೆ ಮರಳುತ್ತವೆ.

ಸಾಮಾಜಿಕ ಹಿನ್ನೆಲೆ

ಈ ವಿಡಂಬನೆಯ ಹಿಂದೆ ದೀರ್ಘ ಇತಿಹಾಸವಿದೆ. ಎರವರು ಕೊಡಗಿನ ಭೂಮಾಲೀಕರ ಬಳಿ ಜೀತದಾಳುಗಳಾಗಿ ದುಡಿದ ಸಮುದಾಯ. ಬ್ರಿಟಿಷ್ ಭಾರತದಲ್ಲಿ 1843ರ ಕಾಯಿದೆಯು ಗುಲಾಮಗಿರಿಗೆ ಇದ್ದ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿತು. ಆದರೂ ಸಾಲದ ರೂಪದ ಜೀತ ಉಳಿಯಿತು. ಸ್ವತಂತ್ರ ಭಾರತದಲ್ಲಿ ಜೀತಪದ್ಧತಿಯನ್ನು ರದ್ದುಪಡಿಸುವ ಕಾಯಿದೆ ಬಂದುದು 1976ರಲ್ಲಿ. ಇಂದಿಗೂ ಅನೇಕ ಕುಟುಂಬಗಳ ವಾಸ ತೋಟದ 'ಲೈನ್ ಮನೆ'ಗಳಲ್ಲಿದ್ದು, ಕೂಲಿಯ ಜೊತೆಗೆ ಸೂರಿಗೂ ಅವು ಮಾಲೀಕನನ್ನು ಅವಲಂಬಿಸಿವೆ.

ಜೇನುಕುರುಬರ ಕಥೆ ಕಾಡಿಗೆ ಸಂಬಂಧಿಸಿದ್ದು. ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲವಾದ ಬುಡಕಟ್ಟುಗಳೆಂದು ಗುರುತಿಸಲಾದ ಎರಡು ಸಮುದಾಯಗಳಲ್ಲಿ ಇವರದೊಂದು, ಇನ್ನೊಂದು ಕೊರಗರದು. 2011ರ ಜನಗಣತಿಯಂತೆ ರಾಜ್ಯದಲ್ಲಿ ಇವರ ಸಂಖ್ಯೆ ಸುಮಾರು 36,000. ನಾಗರಹೊಳೆಯು 1955ರಲ್ಲಿ ಅಭಯಾರಣ್ಯವಾಗಿ, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಘೋಷಿತವಾಯಿತು. ವನ್ಯಜೀವಿ ಸಂರಕ್ಷಣಾ ಕಾಯಿದೆ (1972) ಜಾರಿಗೆ ಬಂದ ನಂತರ ಅನೇಕ ಕುಟುಂಬಗಳು ಕಾಡಿನಿಂದ ಹೊರಬಂದವು. ಕೆಲವರಿಗೆ ಹುಣಸೂರು ತಾಲ್ಲೂಕಿನ ನಾಗಾಪುರದಂತಹ ಕಡೆ ಪುನರ್ವಸತಿ ದೊರೆಯಿತು. ಹಲವರು ಕಾಫಿ ತೋಟಗಳ ಕೂಲಿಗಳಾದರು. ಅರಣ್ಯ ಹಕ್ಕುಗಳ ಕಾಯಿದೆ (2006) ಬಂದ ಮೇಲೂ ಹಕ್ಕುಪತ್ರದ ಬೇಡಿಕೆ ಮುಗಿದಿಲ್ಲ.

ವರ್ಷವಿಡೀ ತಲೆತಗ್ಗಿಸಿ ಕೂಲಿ ಪಡೆಯುವವರು ಒಂದು ದಿನ ರಸ್ತೆಯನ್ನು ತಡೆದು, ದೊಡ್ಡವರ ಮುಖದ ಮೇಲೆಯೇ ಅವರನ್ನು ಹೀಯಾಳಿಸಿ ಹಣ ಪಡೆಯುವುದಕ್ಕೆ ಈ ಹಿನ್ನೆಲೆಯಲ್ಲಿ ಬೇರೆಯೇ ಅರ್ಥ ಬರುತ್ತದೆ.

ಹೋಲಿಕೆ ಮತ್ತು ವ್ಯಾಖ್ಯಾನ

ಕೇರಳದ ಕೊಡುಂಗಲ್ಲೂರಿನ ಭಗವತಿ ದೇವಾಲಯದಲ್ಲಿ ಮೀನ ಮಾಸದ ಭರಣಿ ಉತ್ಸವದಂದು ಭಕ್ತರು ಅಶ್ಲೀಲ ಹಾಡುಗಳನ್ನು ಹಾಡುತ್ತಾರೆ. ಉತ್ತರ ಕರ್ನಾಟಕದ ಕಾಮನ ಹಬ್ಬದಲ್ಲಿಯೂ ಬೈಗುಳಕ್ಕೆ, ಬೊಬ್ಬೆಗೆ ಅವಕಾಶವಿದೆ. ಮಾನವಶಾಸ್ತ್ರಜ್ಞ ಮ್ಯಾಕ್ಸ್ ಗ್ಲಕ್‌ಮನ್ ಆಫ್ರಿಕಾದ ಇಂತಹ ಆಚರಣೆಗಳನ್ನು 'ಬಂಡಾಯದ ವಿಧಿಗಳು' ಎಂದು ಕರೆದರು. ಒಂದು ದಿನದ ಬಂಡಾಯವು ಉಳಿದ ದಿನಗಳ ವ್ಯವಸ್ಥೆಯನ್ನು ಗಟ್ಟಿಗೊಳಿಸುತ್ತದೆ ಎಂಬುದು ಅವರ ವಾದ. ರಷ್ಯಾದ ಚಿಂತಕ ಮಿಖಾಯಿಲ್ ಬಖ್ತಿನ್ ಯುರೋಪಿನ ಕಾರ್ನಿವಲ್ ಕುರಿತು ಬರೆಯುತ್ತ, ಮೇಲುಕೀಳುಗಳನ್ನು ತಲೆಕೆಳಗು ಮಾಡುವ ನಗೆಯಲ್ಲಿ ಬಿಡುಗಡೆಯ ಶಕ್ತಿಯನ್ನು ಗುರುತಿಸಿದರು. ಕುಂಡೆ ಹಬ್ಬಕ್ಕೆ ಎರಡು ಓದುಗಳೂ ಅನ್ವಯಿಸುತ್ತವೆ: ಬೈಗುಳ ಕ್ಷಮೆಯಲ್ಲಿ ಮುಗಿಯುತ್ತದೆಯಾದರೂ, ಬೈಯುವ ಹಕ್ಕನ್ನು ಪ್ರತಿವರ್ಷವೂ ಹೊಸದಾಗಿ ಸ್ಥಾಪಿಸುತ್ತದೆ.

ಇಂದಿನ ಸ್ಥಿತಿ

ಹಬ್ಬವನ್ನು ನೋಡಲು, ಚಿತ್ರೀಕರಿಸಲು ಹೊರಗಿನವರು ಬರುತ್ತಾರೆ. ಸಂದರ್ಭದಿಂದ ಬೇರ್ಪಡಿಸಿದ ದೃಶ್ಯಗಳಲ್ಲಿ ಉಳಿಯುವುದು ಕುಡಿತ ಮತ್ತು ಅಶ್ಲೀಲ ಪದಗಳಷ್ಟೆ, ಬೈಗುಳದ ಹಿಂದಿನ ದೂರು ಕಾಣುವುದಿಲ್ಲ. ಇದು ಸಮುದಾಯದ ಗೌರವಕ್ಕೆ ಕುಂದೆಂಬ ನಿಲುವೂ, ಬಡವರಿಗೆ ದಕ್ಕಿದ ಏಕೈಕ ಮಾತಿನ ದಿನವನ್ನು ಕಳೆಯಬಾರದೆಂಬ ನಿಲುವೂ ಇವೆ. ಹಾಡುಗಳು ಬಾಯಿಂದ ಬಾಯಿಗೆ ಸಾಗುವಂಥವಾದುದರಿಂದಲೂ ಅಶ್ಲೀಲವೆನಿಸಿದ್ದರಿಂದಲೂ ಜಾನಪದ ಸಂಕಲನಗಳಲ್ಲಿ ಇವುಗಳಿಗೆ ಸ್ಥಾನ ದೊರೆಯುವುದು ಕಷ್ಟ.

ಇವನ್ನೂ ನೋಡಿ

ಜೇನುಕುರುಬ
ಎರವ
ನಾಗರಹೊಳೆ ರಾಷ್ಟ್ರೀಯ ಉದ್ಯಾನ
ಕೊಡುಂಗಲ್ಲೂರು ಭರಣಿ