ತುರಿಕೆಯ ಮುಲಾಮು ತಲೆಗೇಕೆ?

ಮಿನಾಕ್ಸಿಡಿಲ್ ಎಂಬ ಕೂದಲ ಮದ್ದೊಂದನ್ನೇ ಹಚ್ಚಿದರೆ ಕೂದಲು ತಡವಾಗಿ ಬರುತ್ತದೆ, ಅದರ ಜೊತೆ ಚರ್ಮದ ತುರಿಕೆಗೆ ಕೊಡುವ ಬಿಳಿ ಮುಲಾಮನ್ನೂ ತಿಕ್ಕಿದರೆ ಬೇಗ ಬರುತ್ತದೆ. ಇಪ್ಪತ್ತು ಇಪ್ಪತ್ತೈದಕ್ಕೇ ಹಣೆ ಅಗಲವಾಗತೊಡಗಿದ ಹುಡುಗರ ನಡುವೆ ಈ ಮಾತು ಗಟ್ಟಿಯಾಗಿ ಬೇರು ಬಿಟ್ಟಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಂಥ ಊರುಗಳಲ್ಲಿ ಚರ್ಮದ ವೈದ್ಯರಿಗಿಂತ ಮೆಡಿಕಲ್ ಅಂಗಡಿ ಹತ್ತಿರ, ಅಂಗಡಿಗಿಂತ ಗೆಳೆಯನ ಮೊಬೈಲು ಹತ್ತಿರ. ಹಾಗಾಗಿ ವ್ಯವಹಾರ ಸಾಮಾನ್ಯವಾಗಿ ಹೀಗೆ ಮುಗಿಯುತ್ತದೆ:

“ಅಣ್ಣಾರ, ಕೂದಲದ ಔಷಧ ಒಂದ್ ಬಾಟ್ಲಿ ಕೊಡ್ರಿ. ಅದರ ಜೋಡಿ ಆ ತುರಕಿ ಟ್ಯೂಬ್ ಸೈತ ಕೊಡ್ರಿ.”

“ತುರಕಿ ಎಲ್ಲಿ ಐತಿ?”

“ತುರಕಿ ಇಲ್ರಿ, ತಲಿಗೆ ಹಚ್ಚಾಕ. ಎರಡೂ ಕೂಡಿ ಹಚ್ಚಿದ್ರ ಲಗೂನ ಬರ್ತಾವಂತ.”

ವೈದ್ಯರ ಚೀಟಿಯ ಮಾತು ನಡುವೆ ಬರುವುದೇ ಇಲ್ಲ.

ಆ ಟ್ಯೂಬಿನಲ್ಲಿರುವುದು ಬೆಟಾಮೆಥಾಸೋನ್, ಇಲ್ಲವೆ ಕ್ಲೋಬೆಟಾಸೋಲ್, ಇಲ್ಲವೆ ಮೊಮೆಟಾಸೋನ್. ಎಲ್ಲವೂ ಸ್ಟೀರಾಯ್ಡ್‌ಗಳೇ. ಕೂದಲು ಬೆಳೆಸುವುದು ಸ್ಟೀರಾಯ್ಡಿನ ಕೆಲಸವಲ್ಲ. ಚರ್ಮದಲ್ಲಿ ಎದ್ದ ಉರಿಯೂತವನ್ನು, ಕೆರಳಿ ನಿಂತ ರಕ್ಷಣಾ ಕಣಗಳನ್ನು ಅಡಗಿಸುವುದು ಅದರ ಕೆಲಸ. 1952ರಲ್ಲಿ ಸುಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ಅಮೆರಿಕದ ವೈದ್ಯರು ಹೈಡ್ರೊಕಾರ್ಟಿಸೋನನ್ನು ಚರ್ಮಕ್ಕೆ ಹಚ್ಚಿ ಗುಣ ಕಂಡಂದಿನಿಂದ ಈ ಮದ್ದುಗಳ ಸ್ವಭಾವ ಬದಲಾಗಿಲ್ಲ, ಬಲ ಮಾತ್ರ ಏರಿದೆ. ಇಂದಿನ ಕ್ಲೋಬೆಟಾಸೋಲ್ ಆ ಹೈಡ್ರೊಕಾರ್ಟಿಸೋನಿಗಿಂತ ನೂರಾರು ಪಟ್ಟು ತೀಕ್ಷ್ಣ.

ಹಣೆಯ ಎರಡು ಮೂಲೆಗಳಿಂದ ಹಿಂದೆ ಸರಿಯುವ, ನಡುನೆತ್ತಿಯಲ್ಲಿ ತೆಳುವಾಗುವ ಗಂಡಸರ ಬೊಕ್ಕತಲೆಗೆ ಕಾರಣವೇ ಬೇರೆ. ಟೆಸ್ಟೊಸ್ಟಿರೋನಿನಿಂದ ಹುಟ್ಟುವ ಡೈಹೈಡ್ರೊಟೆಸ್ಟೊಸ್ಟಿರೋನ್ ಎಂಬ ಹಾರ್ಮೋನು ವಂಶದಿಂದಲೇ ಸೂಕ್ಷ್ಮವಾಗಿರುವ ಕೂದಲ ಬುಡಗಳನ್ನು ವರ್ಷದಿಂದ ವರ್ಷಕ್ಕೆ ಕಿರಿದಾಗಿಸುತ್ತದೆ. ದಪ್ಪ ಕೂದಲಿದ್ದ ಜಾಗದಲ್ಲಿ ನವಿರು ಕೂದಲು ಉಳಿದು, ಕೊನೆಗೆ ಅದೂ ಹೋಗುತ್ತದೆ. ಸ್ಟೀರಾಯ್ಡ್ ಹಚ್ಚಿದರೆ ಆ ಹಾರ್ಮೋನಿಗೆ ಏನೂ ಆಗುವುದಿಲ್ಲ. ಹಾರ್ಮೋನನ್ನು ತಡೆಯಲು ಫಿನಾಸ್ಟರೈಡ್ ಇದೆ. ಕೂದಲಿಗಾಗಿ ಅದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1997ರಲ್ಲಿ. ಕೂದಲ ಬುಡವನ್ನು ಬೆಳವಣಿಗೆಯ ಹಂತದಲ್ಲಿ ಹೆಚ್ಚು ಕಾಲ ಹಿಡಿದಿಡಲು ಮಿನಾಕ್ಸಿಡಿಲ್ ಇದೆ. ಅದು ಮೊದಲು ಬಂದದ್ದು ರಕ್ತದೊತ್ತಡದ ಮಾತ್ರೆಯಾಗಿ, 1979ರಲ್ಲಿ. ನುಂಗಿದವರ ಮೈಮೇಲೆ ಕೂದಲು ಹೆಚ್ಚಿದ್ದನ್ನು ಕಂಡ ಮೇಲೆ, 1988ರಲ್ಲಿ ತಲೆಗೆ ಹಚ್ಚುವ ದ್ರಾವಣವಾಯಿತು.

ಬೆಂಕಿ ಬಿದ್ದ ಕಬ್ಬಿನ ಹೊಲಕ್ಕೆ ನೀರು ಹೊಡೆದರೆ ಬೆಳೆ ಉಳಿಯುತ್ತದೆ. ಕೃಷ್ಣಾ, ಘಟಪ್ರಭಾ ದಂಡೆಯಲ್ಲಿ ಸವಳು ಹಿಡಿದು ಸೊರಗುತ್ತಿರುವ ಹೊಲಕ್ಕೆ ಅದೇ ನೀರು ಹರಿಸಿದರೆ ಭೂಮಿ ಇನ್ನಷ್ಟು ಕೆಡುತ್ತದೆ. ಇದು ಈ ಭಾಗದ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದೇ ಮನೆಯ ಹುಡುಗ ತನ್ನ ತಲೆಯ ವಿಷಯದಲ್ಲಿ ಮಾತ್ರ ಈ ವಿವೇಕವನ್ನು ಬಿಟ್ಟುಬಿಡುವುದು ಬೇಸರದ ಸಂಗತಿ.

ಹಾಗಾದರೆ ಈ ನಂಬಿಕೆ ಹುಟ್ಟಿದ್ದೆಲ್ಲಿ? ಗಾಳಿಯಲ್ಲಂತೂ ಅಲ್ಲ. ಒಂದು ನಿಜದ ತುಂಡು ಇದರ ಬೆನ್ನಿಗಿದೆ.

ಒಂದು ದಿನ ಎದ್ದು ನೋಡಿದರೆ ತಲೆಯಲ್ಲೋ ಗಡ್ಡದಲ್ಲೋ ರೂಪಾಯಿ ನಾಣ್ಯದಷ್ಟು ಜಾಗ ನುಣ್ಣಗೆ ಬೋಳಾಗಿರುತ್ತದೆ. ಊರ ಮಂದಿ ‘ಹುಳ ತಿಂದೈತಿ’ ಎನ್ನುತ್ತಾರೆ. ಹುಳವೂ ಇಲ್ಲ, ತಿಂದದ್ದೂ ಇಲ್ಲ. ವೈದ್ಯರು ಅಲೊಪೇಶಿಯಾ ಏರಿಯೇಟಾ ಎನ್ನುವ ಈ ತೊಂದರೆಯಲ್ಲಿ ದೇಹದ ರಕ್ಷಣಾ ಕಣಗಳೇ ದಿಕ್ಕುತಪ್ಪಿ ಕೂದಲ ಬುಡದ ಮೇಲೆ ಎರಗುತ್ತವೆ. ಇಲ್ಲಿ ಸ್ಟೀರಾಯ್ಡ್ ನಿಜವಾದ ಮದ್ದು. ಚರ್ಮದ ವೈದ್ಯರು ಬೋಳಾದ ಜಾಗಕ್ಕೆ ತೀಕ್ಷ್ಣ ಸ್ಟೀರಾಯ್ಡ್ ಬರೆಯುತ್ತಾರೆ, ನಾಲ್ಕಾರು ವಾರಕ್ಕೊಮ್ಮೆ ಟ್ರಯಾಮ್ಸಿನೊಲೋನ್ ಸೂಜಿ ಕೊಡುತ್ತಾರೆ, ಕೆಲವೊಮ್ಮೆ ಮಿನಾಕ್ಸಿಡಿಲನ್ನೂ ಜೊತೆಗೆ ಸೇರಿಸುತ್ತಾರೆ. ಮೂರು ತಿಂಗಳಲ್ಲಿ ಆ ಜಾಗದಲ್ಲಿ ಮೊದಲು ಬೆಳ್ಳಗೆ, ಆಮೇಲೆ ಕಪ್ಪಗೆ ಕೂದಲು ಬರುವುದುಂಟು. ಅದನ್ನು ಕಂಡ ಅಕ್ಕಪಕ್ಕದವರು ಚೀಟಿಯ ಫೋಟೋ ತೆಗೆದುಕೊಳ್ಳುತ್ತಾರೆ. ಅಲ್ಲಿಂದ ಅದು ವಂಶದ ಬೊಕ್ಕತಲೆಯವನಿಗೂ, ಬಾಣಂತನದ ನಂತರ ಕೂದಲು ಉದುರುತ್ತಿರುವ ತಂಗಿಗೂ, ಟೈಫಾಯ್ಡ್ ಬಂದುಹೋದ ಕಾಕಾನಿಗೂ ಒಂದೇ ಮದ್ದಾಗಿ ಹಂಚಿಹೋಗುತ್ತದೆ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಇಂಥ ಸಣ್ಣ ಬೋಳುಗಳಲ್ಲಿ ಅರ್ಧದಷ್ಟು ಯಾವ ಮದ್ದೂ ಇಲ್ಲದೆ ಒಂದು ವರ್ಷದೊಳಗೆ ತಾವಾಗಿಯೇ ತುಂಬಿಕೊಳ್ಳಬಹುದು. ಜ್ವರ, ಹೆರಿಗೆ, ಆಪರೇಶನ್ ಆದ ಎರಡು ಮೂರು ತಿಂಗಳಿಗೆ ಬಾಚಣಿಗೆ ತುಂಬ ಬರುವ ಕೂದಲೂ ಹೆಚ್ಚಿನವರಲ್ಲಿ ಆರು ತಿಂಗಳಿಗೆ ತಾನೇ ನಿಲ್ಲುತ್ತದೆ. ಆ ಹೊತ್ತಿಗೆ ತಲೆಯ ಮೇಲೆ ಏನಿತ್ತೋ ಅದಕ್ಕೆ ಹೆಸರು ಬರುತ್ತದೆ. ಉಳ್ಳಾಗಡ್ಡಿ ರಸ ಇದ್ದರೆ ರಸಕ್ಕೆ, ಸ್ಟೀರಾಯ್ಡ್ ಇದ್ದರೆ ಸ್ಟೀರಾಯ್ಡಿಗೆ.

ನಂಬಿಕೆಗೆ ನೀರೆರೆಯುವ ಎರಡನೆಯ ಕಾರಣ ತುರಿಕೆ. ಮಿನಾಕ್ಸಿಡಿಲ್ ದ್ರಾವಣದಲ್ಲಿ ಪ್ರೊಪಿಲಿನ್ ಗ್ಲೈಕಾಲ್ ಇರುತ್ತದೆ. ಅದು ಹಲವರ ನೆತ್ತಿಗೆ ಒಗ್ಗದೆ ಕೆಂಪಾಗಿ, ತುರಿಸಿ, ಹೊಟ್ಟು ಏಳುತ್ತದೆ. ಸ್ಟೀರಾಯ್ಡ್ ಹಚ್ಚಿದ ಎರಡೇ ದಿನಕ್ಕೆ ತುರಿಕೆ ಮಾಯ. ‘ನೋಡ್ರಿ, ಹೊಂದಿಕೊಂತು’ ಎಂದು ಹುಡುಗ ಹಿಗ್ಗುತ್ತಾನೆ. ಆದರೆ ಒಗ್ಗದ ವಸ್ತು ದಿನಕ್ಕೆರಡು ಬಾರಿ ನೆತ್ತಿಗೆ ಬೀಳುತ್ತಲೇ ಇದೆ, ಸ್ಟೀರಾಯ್ಡ್ ಅದನ್ನು ಮುಚ್ಚಿಹಾಕಿದೆ. ಮುಲಾಮು ಬಿಟ್ಟ ವಾರಕ್ಕೆ ತುರಿಕೆ ಇಮ್ಮಡಿಯಾಗಿ ಮರಳುತ್ತದೆ, ಮತ್ತೆ ಮುಲಾಮು ಬೇಕಾಗುತ್ತದೆ. ಪ್ರೊಪಿಲಿನ್ ಗ್ಲೈಕಾಲ್ ಇಲ್ಲದ ನೊರೆ ರೂಪದ ಮಿನಾಕ್ಸಿಡಿಲ್ ಸಿಗುತ್ತದೆ. ವೈದ್ಯರನ್ನು ಕೇಳಿ ಅದಕ್ಕೆ ಬದಲಾಯಿಸುವುದು ನೇರ ದಾರಿ.

ಮೂರನೆಯದು ಸ್ವಲ್ಪ ವಿಚಿತ್ರ. ಮುಖಕ್ಕೆ ಬಹುಕಾಲ ಸ್ಟೀರಾಯ್ಡ್ ಹಚ್ಚಿದರೆ ಕೆನ್ನೆಯ ಮೇಲೆ ನವಿರು ಕೂದಲು ಹೆಚ್ಚುತ್ತದೆ. ಅದು ಅಡ್ಡಪರಿಣಾಮ, ಹೆಣ್ಣುಮಕ್ಕಳು ಅಳುತ್ತಾ ವೈದ್ಯರ ಬಳಿ ಬರುವಂಥ ತೊಂದರೆ. ಅದನ್ನೇ ಗಡ್ಡ ಬರದ ಹುಡುಗರು ದಾರಿ ಎಂದುಕೊಂಡಿದ್ದಾರೆ. ಹಾಗೆ ಬರುವುದು ಗಡ್ಡವಲ್ಲ. ಜೊತೆಗೆ ಬರುವ ಮೊಡವೆ, ಕೆಂಪು ರಕ್ತನಾಳಗಳು, ಬಿಸಿಲಿಗೆ ಹೋದರೆ ಉರಿಯುವ ಚರ್ಮ ಮಾತ್ರ ಬಹುಕಾಲ ಉಳಿಯುತ್ತವೆ.

ಮೈಯ ಎಲ್ಲ ಕಡೆಯ ಚರ್ಮವೂ ಮದ್ದನ್ನು ಒಂದೇ ಸಮ ಹೀರುವುದಿಲ್ಲ. ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ಸಂಶೋಧಕರು 1967ರಲ್ಲಿ ಇದನ್ನು ಅಳೆದು ತೋರಿಸಿದರು. ಮುಂಗೈ ಹೀರುವುದನ್ನು 1 ಎಂದುಕೊಂಡರೆ ನೆತ್ತಿ 3.5ರಷ್ಟು, ಹಣೆ 6ರಷ್ಟು, ದವಡೆಯ ಭಾಗ 13ರಷ್ಟು ಹೈಡ್ರೊಕಾರ್ಟಿಸೋನನ್ನು ಹೀರುತ್ತದೆ. ಪಾದದ ದಪ್ಪ ಚರ್ಮಕ್ಕೆ ಬರೆದ ಟ್ಯೂಬನ್ನು ಗಡ್ಡಕ್ಕೆ ತಿಕ್ಕುವವರು ಈ 13ನ್ನು ಒಮ್ಮೆ ನೆನೆಯಬೇಕು. ಕ್ಲೋಬೆಟಾಸೋಲನ್ನು ಒಂದೇ ಸಮನೆ ಎರಡು ವಾರ ದಾಟಿಸಬಾರದು, ವಾರಕ್ಕೆ 50 ಗ್ರಾಂ ಮೀರಬಾರದು ಎಂದು ಅದರ ಮಾಹಿತಿ ಪತ್ರದಲ್ಲೇ ಇದೆ. ತಿಂಗಳುಗಟ್ಟಲೆ ಹಚ್ಚಿದರೆ ನೆತ್ತಿಯ ಚರ್ಮ ತೆಳ್ಳಗಾಗುತ್ತದೆ, ಕೂದಲ ಬುಡದ ಸುತ್ತ ಕೀವುಗುಳ್ಳೆ ಏಳುತ್ತದೆ. ಹಣೆಯಿಂದ ಇಳಿದು ರೆಪ್ಪೆಗೆ ಪದೇ ಪದೇ ತಾಗಿದರೆ ಕಣ್ಣಿನ ಒತ್ತಡ ಏರುವ ಅಪಾಯವೂ ಇದೆ.

ಸ್ವಲ್ಪ ಓದಿಕೊಂಡವರು ಒಂದು ವಾದ ಮುಂದಿಡುತ್ತಾರೆ. ಬೆಟಾಮೆಥಾಸೋನ್ ಡೈಪ್ರೊಪಿಯೊನೇಟ್ ಜೊತೆಗಿದ್ದರೆ ಮಿನಾಕ್ಸಿಡಿಲ್ ರಕ್ತಕ್ಕೆ ಕಡಿಮೆ ಇಳಿದು ಚರ್ಮದಲ್ಲೇ ಹೆಚ್ಚು ನಿಲ್ಲುತ್ತದೆಯಲ್ಲ ಎಂದು. ಈ ಮಾತು ಸುಳ್ಳಲ್ಲ. ಮಿನಾಕ್ಸಿಡಿಲಿನ ಅಧಿಕೃತ ಔಷಧ ಮಾಹಿತಿಯಲ್ಲೇ ಇದೆ. ಆದರೆ ಚರ್ಮದಲ್ಲಿ ಮದ್ದು ಹೆಚ್ಚು ನಿಂತ ಮಾತ್ರಕ್ಕೆ ವಂಶದ ಬೊಕ್ಕತಲೆಯಲ್ಲಿ ಕೂದಲು ಹೆಚ್ಚು ಬಂತೆಂದಾಗುವುದಿಲ್ಲ. ತಲೆಗೆ ಬೇರೆ ಮದ್ದು ಹಚ್ಚುತ್ತಿದ್ದರೆ ಇದನ್ನು ಬಳಸಬೇಡಿ ಎಂಬ ಎಚ್ಚರಿಕೆಯೂ ಅಂಥದೇ ಮಾಹಿತಿಯಲ್ಲಿದೆ. ಒಂದು ಸಾಲು ಓದಿ ಇನ್ನೊಂದನ್ನು ಬಿಡುವುದು ಓದಲ್ಲ.

ಎಲ್ಲಕ್ಕಿಂತ ಹೆಚ್ಚು ನೋವಿನದು ಮಕ್ಕಳ ಪಾಡು. ಶಾಲೆಗೆ ಹೋಗುವ ಮಗುವಿನ ತಲೆಯಲ್ಲಿ ದುಂಡಗೆ ಕೂದಲು ಹೋಗಿ, ಆ ಜಾಗದಲ್ಲಿ ಹೊಟ್ಟು ಕಟ್ಟಿ, ಕೂದಲು ಮುರಿದ ಮೋಟುಗಳು ಕಾಣುತ್ತಿದ್ದರೆ ಅದು ಬಹುಮಟ್ಟಿಗೆ ಶಿಲೀಂಧ್ರದ ಸೋಂಕು, ಹುಳುಕಡ್ಡಿಯ ಜಾತಿ. ಇದಕ್ಕೂ ‘ಹುಳ’ ಎಂದೇ ಹೆಸರು, ಇದಕ್ಕೂ ಅದೇ ಟ್ಯೂಬು. ಸ್ಟೀರಾಯ್ಡ್ ಬಿದ್ದ ಕೂಡಲೇ ಕೆಂಪು ಇಳಿಯುತ್ತದೆ, ತಾಯಿ ಸಮಾಧಾನಪಡುತ್ತಾಳೆ. ಒಳಗೆ ಶಿಲೀಂಧ್ರ ಯಾವ ತಡೆಯೂ ಇಲ್ಲದೆ ಹರಡುತ್ತದೆ. ಕೀವುಗಟ್ಟಿ ಕಲೆ ಬಿದ್ದರೆ ಆ ಜಾಗದಲ್ಲಿ ಜೀವನಪೂರ್ತಿ ಕೂದಲು ಬಾರದೆ ಹೋಗಬಹುದು. ಇದಕ್ಕೆ ವೈದ್ಯರು ವಾರಗಟ್ಟಲೆ ನುಂಗುವ ಮದ್ದು ಕೊಡಬೇಕು, ಮೇಲೆ ಹಚ್ಚುವುದಷ್ಟೇ ಸಾಲದು. ದೊಡ್ಡವರ ತೊಡೆಸಂದಿಯ ಗಜಕರ್ಣ ಯಾವ ಮದ್ದಿಗೂ ಬಗ್ಗದಂತಾಗಿರುವುದಕ್ಕೂ ಸ್ಟೀರಾಯ್ಡ್ ಬೆರೆಸಿದ ಮುಲಾಮುಗಳ ಪಾಲಿದೆ. ಭಾರತದಲ್ಲಿ ಹರಡಿರುವ ಆ ಮೊಂಡು ಶಿಲೀಂಧ್ರಕ್ಕೆ 2020ರಲ್ಲಿ ಜಪಾನಿನ ಸಂಶೋಧಕರು ಟ್ರೈಕೊಫೈಟನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ದೇಶದ ಹೆಸರು ರೋಗಾಣುವಿಗೆ ಅಂಟಿಕೊಂಡಿತು.

ಎಚ್ಚರಿಸುವವರು ಇರಲಿಲ್ಲವೆಂದಲ್ಲ. ಮುಖಕ್ಕೆ ಸ್ಟೀರಾಯ್ಡ್ ಹಚ್ಚಿ ಕೆಟ್ಟ ಚರ್ಮಕ್ಕೆ ಕೋಲ್ಕತ್ತಾದ ವೈದ್ಯರಾದ ಕೌಶಿಕ್ ಲಾಹಿರಿ ಮತ್ತು ಅರಿಜಿತ್ ಕೂಂಡೂ ‘ಸ್ಟೀರಾಯ್ಡಿನಿಂದ ಹಾಳಾದ ಮುಖ’ ಎಂಬ ಅರ್ಥದ ಹೆಸರನ್ನೇ ಕೊಟ್ಟರು. ದೇಶದ 12 ಕೇಂದ್ರಗಳ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಮುಖದ ಚರ್ಮದ ತೊಂದರೆಯಿಂದ ಬಂದ 2,926 ಮಂದಿಯಲ್ಲಿ 433 ಮಂದಿ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಚರ್ಮವೈದ್ಯರ ಸಂಘ ಇದಕ್ಕೆಂದೇ ಕಾರ್ಯಪಡೆ ಕಟ್ಟಿತು. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ 14ನ್ನು ಶೆಡ್ಯೂಲ್ ಎಚ್ ಪಟ್ಟಿಯ ಬಿಗಿಗೆ ತಂದಿತು, ಅಂದರೆ ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಕಾನೂನು ಕಾಗದದ ಮೇಲಿದೆ. ಟ್ಯೂಬಿನ ಮೇಲೂ ಸಣ್ಣ ಅಕ್ಷರದಲ್ಲಿ ಅಚ್ಚಾಗಿದೆ. ಕೊಳ್ಳುವವನೂ ಕೊಡುವವನೂ ಅದನ್ನು ಓದಬೇಕಷ್ಟೆ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಡ. ಸವಳು ನೀರಿನ ಬೋರ್‌ವೆಲ್ ಕೂದಲನ್ನು ಒರಟಾಗಿಸಿ ಮುರಿಯಬಹುದು, ಬುಡವನ್ನು ಕೊಲ್ಲುವುದಿಲ್ಲ. ಜಾವಳ ತೆಗೆಸಿದರೆ, ತಲೆ ಬೋಳಿಸಿದರೆ ಕೂದಲು ದಟ್ಟವಾಗುವುದಿಲ್ಲ. ಬೋಳಿಸುವುದರಿಂದ ಕೂದಲ ದಪ್ಪವಾಗಲಿ ಬೆಳೆಯುವ ವೇಗವಾಗಲಿ ಬದಲಾಗದೆಂದು ಮಿಲ್ಡ್ರೆಡ್ ಟ್ರಾಟರ್ ಎಂಬ ಸಂಶೋಧಕಿ 1928ರಲ್ಲೇ ತೋರಿಸಿಕೊಟ್ಟಿದ್ದಾರೆ. ಹೆಲ್ಮೆಟ್‌ನಿಂದ ಬೊಕ್ಕತಲೆ ಬರುವುದಿಲ್ಲ. ಜಿಮ್‌ನವರು ಚುಚ್ಚಿಕೊಳ್ಳುವ ಸ್ಟೀರಾಯ್ಡ್ ಬೇರೆ ಜಾತಿಯದು. ವಂಶದಲ್ಲಿ ಬೊಕ್ಕತಲೆ ಇದ್ದವರಲ್ಲಿ ಅದು ಕೂದಲನ್ನು ಇನ್ನೂ ಬೇಗ ಕಳೆಯಬಲ್ಲದು.

ಕೂದಲಿನ ವಿಷಯದಲ್ಲಿ ಜನ ಎಷ್ಟು ಬೇಗ ನಂಬಿಬಿಡುತ್ತಾರೆ ನೋಡಿ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ಎಣ್ಣೆ ರೀಲುಗಳ ಮೂಲಕ ದೇಶವೆಲ್ಲ ಹೆಸರಾಯಿತು. ಎಣ್ಣೆ ಕೂದಲಿಗೆ ಹೊಳಪು ಕೊಡಲಿ, ಅವರ ಬದುಕಿಗೆ ದುಡಿಮೆಯಾಗಲಿ. ಆದರೆ ಹಾರ್ಮೋನಿನಿಂದ ಕಿರಿದಾದ ಬುಡವನ್ನು ಎಣ್ಣೆ ಹಿಗ್ಗಿಸಲಾರದು. 2025ರ ಮಾರ್ಚ್‌ನಲ್ಲಿ ಪಂಜಾಬಿನ ಸಂಗರೂರಿನಲ್ಲಿ ಬೊಕ್ಕತಲೆ ನಿವಾರಣೆಯ ಶಿಬಿರದಲ್ಲಿ ಎಣ್ಣೆ ಹಚ್ಚಿಸಿಕೊಂಡ ಹತ್ತಾರು ಮಂದಿ ಕಣ್ಣುರಿಯಿಂದ ಆಸ್ಪತ್ರೆಗೆ ಓಡಿದರು. 2024ರ ಕೊನೆಗೆ ಮಹಾರಾಷ್ಟ್ರದ ಬುಲಢಾಣಾ ಜಿಲ್ಲೆಯ ಹಳ್ಳಿಗಳಲ್ಲಿ ಕೆಲವೇ ದಿನಗಳಲ್ಲಿ ಹಲವರ ತಲೆ ಬೋಳಾದಾಗ ಶಾಂಪೂ, ಬಾವಿ ನೀರು, ಶಿಲೀಂಧ್ರ ಎಂದು ದಿನಕ್ಕೊಂದು ಮಾತು ಹಬ್ಬಿತು. ಡಾ. ಹಿಮ್ಮತ್‌ರಾವ್ ಬಾವಸ್ಕರ್ ರಕ್ತ, ಮೂತ್ರ, ಕೂದಲನ್ನು ಪರೀಕ್ಷೆ ಮಾಡಿಸಿ, ಮಿತಿ ಮೀರಿದ ಸೆಲೆನಿಯಂ ಕಂಡು, ರೇಷನ್ ಗೋಧಿಯತ್ತ ಬೊಟ್ಟು ಮಾಡಿದರು. ಆ ಜನರ ತಲೆಗೆ ಸ್ಟೀರಾಯ್ಡ್ ತಿಕ್ಕಿದ್ದರೆ ಗೋಧಿಯ ಕಡೆ ಯಾರ ಕಣ್ಣು ಹೋಗುತ್ತಿತ್ತು?

ಈ ಗದ್ದಲದ ಇನ್ನೊಂದು ತುದಿಯಲ್ಲಿ ಸ್ಟೀರಾಯ್ಡ್ ಎಂಬ ಹೆಸರು ಕೇಳಿಯೇ ನಡುಗುವವರಿದ್ದಾರೆ. ನಾಣ್ಯದಷ್ಟು ಬೋಳಿಗೆ ವೈದ್ಯರು ಸರಿಯಾಗಿಯೇ ಬರೆದುಕೊಟ್ಟ ಮದ್ದನ್ನು ಮನೆಯವರು ಕಸಿದು ಎಸೆಯುತ್ತಾರೆ. ಬೇಕಾದವನು ಹೆದರಿ ಬಿಡುತ್ತಾನೆ, ಬೇಡದವನು ತಿಳಿಯದೆ ಹಚ್ಚುತ್ತಾನೆ. ಮೊದಲು ಇದು ಯಾವ ಬಗೆಯ ಉದುರುವಿಕೆ ಎಂಬುದು ತಿಳಿಯಬೇಕು. ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆಯಲ್ಲೋ, ವಿಜಯಪುರ, ಬೆಳಗಾವಿಯ ವೈದ್ಯಕೀಯ ಕಾಲೇಜುಗಳಲ್ಲೋ ಚರ್ಮರೋಗ ವಿಭಾಗದ ಹೊರರೋಗಿ ಸಾಲಿನಲ್ಲಿ ಒಂದು ಬೆಳಗು ಕಳೆದರೆ ಅದು ತಿಳಿಯುತ್ತದೆ. ಹೆಣ್ಣುಮಕ್ಕಳಿಗೆ ಅಲ್ಲಿ ರಕ್ತದ ಕಬ್ಬಿಣಾಂಶ, ಥೈರಾಯ್ಡ್ ನೋಡಿಸಲು ಹೇಳಬಹುದು, ಅದನ್ನು ತಪ್ಪಿಸಬಾರದು.

ಈಗಾಗಲೇ ತಿಂಗಳುಗಟ್ಟಲೆ ಮುಲಾಮು ಹಚ್ಚಿದವರು ತಾವೇ ಪ್ರಯೋಗ ಮಾಡದೆ, ಹಚ್ಚಿದ ಟ್ಯೂಬನ್ನೇ ಕೈಯಲ್ಲಿ ಹಿಡಿದು ವೈದ್ಯರ ಬಳಿ ಹೋಗುವುದು ಒಳ್ಳೆಯದು. ಮುಖಕ್ಕೆ ಹಚ್ಚುತ್ತಿದ್ದವರು ಒಮ್ಮೆಲೇ ಬಿಟ್ಟರೆ ಉರಿ ಕೆರಳುತ್ತದೆ, ಅದನ್ನು ಹೇಗೆ ಇಳಿಸಬೇಕೆಂದು ಅವರು ಹೇಳುತ್ತಾರೆ. ಮಿನಾಕ್ಸಿಡಿಲ್ ಬೇಕೆಂದು ವೈದ್ಯರು ಹೇಳಿದ್ದರೆ ಅದೊಂದನ್ನೇ ದಿನವೂ ತಪ್ಪದೆ ಹಚ್ಚಬೇಕು. ಮೊದಲ ಎರಡರಿಂದ ಎಂಟು ವಾರ ಹಳೆಯ ಕೂದಲು ಇನ್ನಷ್ಟು ಉದುರಬಹುದು. ಹೆಚ್ಚಿನವರು ‘ಕೆಲಸ ಮಾಡ್ತಿಲ್ಲ’ ಎಂದು ಸ್ಟೀರಾಯ್ಡಿನತ್ತ ಕೈ ಚಾಚುವುದು ಆ ಹೊತ್ತಿನಲ್ಲೇ. ಗುಣ ಕಾಣಲು ನಾಲ್ಕು ತಿಂಗಳಾದರೂ ಬೇಕು. ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ನೆತ್ತಿಯ ಫೋಟೋ ತೆಗೆದಿಟ್ಟುಕೊಂಡರೆ ವೈದ್ಯರಿಗೂ ಹುಡುಗನಿಗೂ ಲೆಕ್ಕ ಸಿಗುತ್ತದೆ.