ಕ್ಯಾಮೆರಾ ಇಲ್ಲದ ಚಲನಚಿತ್ರ

ಚಲನಚಿತ್ರವೆಂದೊಡನೆ ಕ್ಯಾಮೆರಾ ನೆನಪಾಗುವುದು ಸಹಜ. ಆದರೆ ಅದನ್ನು ಮುಟ್ಟದೆ, ಫಿಲ್ಮಿನ ಮೇಲೆ ನೇರವಾಗಿ ಬಣ್ಣ ಬಳಿದು, ಗೀರಿ, ವಸ್ತುಗಳನ್ನು ಅಂಟಿಸಿ ಚಿತ್ರಗಳನ್ನು ನಿರ್ಮಿಸಿದ ಕಲಾವಿದರೂ ಉಂಟು. ಅವರಲ್ಲಿ ಇಬ್ಬರನ್ನು ಈ ದಾರಿಗೆ ತಂದದ್ದು ಹಣದ ಅಭಾವ.

ಫಿಲ್ಮು ಎಂಬುದು ಪಾರದರ್ಶಕವಾದ ಉದ್ದನೆಯ ಪಟ್ಟಿ. ಅದರ ಒಂದು ಮೈಗೆ ಬೆಳ್ಳಿಯ ಲವಣಗಳನ್ನು ಬೆರೆಸಿದ ಜೆಲಾಟಿನ್ನಿನ ತೆಳುವಾದ ಲೇಪವಿರುತ್ತದೆ. ಪಟ್ಟಿಯುದ್ದಕ್ಕೂ ಸಾಲಾಗಿರುವ ಚೌಕಟ್ಟುಗಳು ಪ್ರದರ್ಶನ ಯಂತ್ರದ ದೀಪದ ಮುಂದೆ ಸೆಕೆಂಡಿಗೆ 24ರಂತೆ ಸಾಗುತ್ತವೆ. ಒಂದು ಚೌಕಟ್ಟಿನ ಚಿತ್ರಕ್ಕೂ ಮುಂದಿನದಕ್ಕೂ ತುಸು ವ್ಯತ್ಯಾಸವಿದ್ದರೆ ಕಣ್ಣು ಅದನ್ನು ಚಲನೆಯೆಂದು ಗ್ರಹಿಸುತ್ತದೆ. ಆ ಚಿತ್ರ ಕ್ಯಾಮೆರಾದಿಂದ ಬಂದಿತೋ, ಕುಂಚದಿಂದ ಬಂದಿತೋ ಎಂಬ ಭೇದವನ್ನು ಯಂತ್ರವು ಅರಿಯದು.

ಈ ಗುಟ್ಟನ್ನು ಚೆನ್ನಾಗಿ ಬಳಸಿಕೊಂಡವನು ಲೆನ್ ಲೈ. 1901ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನಲ್ಲಿ ಜನಿಸಿದ ಆತ ಮುಂದೆ ಲಂಡನ್ನಿನಲ್ಲಿ ನೆಲಸಿದನು. ಚಿತ್ರೀಕರಣದ ವೆಚ್ಚವನ್ನು ಭರಿಸುವ ಶಕ್ತಿ ಆತನಿಗಿರಲಿಲ್ಲ. 1935ರಲ್ಲಿ ಬ್ರಿಟನ್ನಿನ ಅಂಚೆ ಇಲಾಖೆಯ ಚಿತ್ರವಿಭಾಗಕ್ಕಾಗಿ ಆತ ಫಿಲ್ಮಿನ ಮೇಲೆ ಬಣ್ಣ ಬಳಿದು ‘ಎ ಕಲರ್ ಬಾಕ್ಸ್’ ಎಂಬ ಕಿರುಚಿತ್ರವನ್ನು ಸಿದ್ಧಪಡಿಸಿದನು. ಕ್ಯೂಬಾದ ವಾದ್ಯಸಂಗೀತಕ್ಕೆ ರೇಖೆಗಳೂ ಚುಕ್ಕೆಗಳೂ ಕುಣಿಯುತ್ತವೆ. ಕೊನೆಯಲ್ಲಿ ಪಾರ್ಸೆಲ್ ದರಗಳು ಮೂಡುತ್ತವೆ. ಪಾರ್ಸೆಲ್ಲಿನ ಜಾಹೀರಾತು ಇಷ್ಟು ಸೊಗಸಾಗಿರುವುದು ಅಪರೂಪವೇ ಸರಿ!

1958ರ ‘ಫ್ರೀ ರ‍್ಯಾಡಿಕಲ್ಸ್’ ಚಿತ್ರದಲ್ಲಿ ಆತ ಬಣ್ಣವನ್ನೂ ತೊರೆದನು. ಕಪ್ಪು ಫಿಲ್ಮಿನ ಲೇಪವನ್ನು ಸೂಜಿ, ಬಾಣದ ಮೊನೆ ಮೊದಲಾದವುಗಳಿಂದ ಕೆರೆದನು. ಕೆರೆದೆಡೆಯಲ್ಲಿ ಬೆಳಕು ಹಾಯ್ದು, ಕತ್ತಲಿನಲ್ಲಿ ಬಿಳಿಯ ಗೆರೆಗಳು ಆಫ್ರಿಕಾದ ಡೋಲಿನ ಲಯಕ್ಕೆ ಮಿಂಚಿನಂತೆ ಹೊರಳುತ್ತವೆ. ಫಿಲ್ಮಿನ ಅಗಲ 16 ಮಿಲಿಮೀಟರ್. ಒಂದು ಚೌಕಟ್ಟು ಕಿರುಬೆರಳಿನ ಉಗುರಿನಷ್ಟು. ನಾಲ್ಕು ನಿಮಿಷಗಳ ಚಿತ್ರಕ್ಕೆ 5,760 ಚೌಕಟ್ಟುಗಳು ಬೇಕು. ಒಮ್ಮೆ ಗೀರಿದ್ದನ್ನು ಅಳಿಸುವಂತಿಲ್ಲ. ತಾಳೆಯೋಲೆಯ ಮೇಲೆ ಕಂಟದಿಂದ ಬರೆಯುತ್ತಿದ್ದ ನಮ್ಮ ಲಿಪಿಕಾರರಿಗೆ ಈ ಎಚ್ಚರದ ಅನುಭವ ಚೆನ್ನಾಗಿ ಇದ್ದಿರಬೇಕು. ಅದೇ ವರ್ಷ ಬ್ರಸೆಲ್ಸಿನಲ್ಲಿ ನಡೆದ ಪ್ರಾಯೋಗಿಕ ಚಿತ್ರಗಳ ಸ್ಪರ್ಧೆಯಲ್ಲಿ ಇದಕ್ಕೆ ಎರಡನೆಯ ಬಹುಮಾನ ದೊರೆಯಿತು. ಆದರೂ ಲೈಗೆ ತೃಪ್ತಿಯಿರಲಿಲ್ಲ. 1979ರಲ್ಲಿ, ಸಾಯುವ ಹಿಂದಿನ ವರ್ಷ, ಅದನ್ನು ಮತ್ತೆ ಕತ್ತರಿಸಿ ಕಿರಿದುಗೊಳಿಸಿದನು.

ಕೆನಡಾದಲ್ಲಿ ದುಡಿದ ನಾರ್ಮನ್ ಮೆಕ್ಲಾರೆನ್ ಫಿಲ್ಮಿನ ಅಂಚಿನ ಧ್ವನಿಪಥದ ಮೇಲೂ ಗೆರೆಗಳನ್ನು ಎಳೆದು, ವಾದ್ಯವಿಲ್ಲದೆ ನಾದವನ್ನು ಹೊರಡಿಸಿದನು.

ಅಮೆರಿಕದ ಸ್ಟ್ಯಾನ್ ಬ್ರಾಕೇಜನ ಕಥೆ ಬೇರೆ. ಒಂದು ಕಾಲದಲ್ಲಿ ಆತನಿಗೆ ಫಿಲ್ಮು ಕೊಳ್ಳುವುದಕ್ಕೂ ಹಣವಿರಲಿಲ್ಲ. ದೀಪಕ್ಕೆ ಬಿದ್ದು ಸಾಯುತ್ತಿದ್ದ ಪತಂಗಗಳನ್ನು ಕಂಡು ಆತನ ಮನಸ್ಸು ಕಲಕಿತು. ಅವುಗಳ ರೆಕ್ಕೆಗಳನ್ನೂ, ಹೂವಿನ ಎಸಳು, ಹುಲ್ಲಿನ ಗರಿಗಳನ್ನೂ ಆಯ್ದು, ಫಿಲ್ಮು ಜೋಡಿಸಲು ಬಳಸುವ ಪಾರದರ್ಶಕ ಅಂಟುಪಟ್ಟಿಗಳೆರಡರ ನಡುವೆ ಒತ್ತಿದನು. ಆ ಪಟ್ಟಿಯಿಂದ ಪ್ರತಿ ತೆಗೆಸಿದಾಗ ದೊರೆತದ್ದೇ 1963ರ ‘ಮಾತ್‌ಲೈಟ್’. ಅದರಲ್ಲಿ ಸದ್ದಿಲ್ಲ, ಕಥೆಯಿಲ್ಲ. ದೀಪದಿಂದ ಸತ್ತ ರೆಕ್ಕೆಗಳು ಯಂತ್ರದ ದೀಪದೆದುರು ಕೆಲವು ನಿಮಿಷ ಮತ್ತೆ ಪಟಪಟಿಸುತ್ತವೆ.

ಮುಂದೆ ಬ್ರಾಕೇಜ್ ಹಲವು ವರ್ಷ ಫಿಲ್ಮಿನ ಮೇಲೆ ಬಣ್ಣ ಬಳಿದನು. ಕೊನೆಗಾಲದಲ್ಲಿ ಆತನನ್ನು ಕ್ಯಾನ್ಸರ್ ಕಾಡಿತು; ತಾನು ಬಳಸಿದ ಡಾಂಬರು ಮೂಲದ ಬಣ್ಣಗಳೇ ಅದಕ್ಕೆ ಕಾರಣವೆಂದು ಆತ ನಂಬಿದ್ದನು. 2003ರಲ್ಲಿ, ಹಾಸಿಗೆ ಹಿಡಿದಿದ್ದಾಗಲೂ, ಕಪ್ಪು ಫಿಲ್ಮನ್ನು ಎಂಜಲಿನಿಂದ ಮೆತ್ತಗೆ ಮಾಡಿ, ಉಗುರಿನಿಂದ ಗೀರುತ್ತ ತನ್ನ ಕಡೆಯ ಚಿತ್ರವನ್ನು ರಚಿಸಿದನು.