ನಿಮಗಿದು ಗೊತ್ತೇ? ಸಂಡೂರು ಕಾಡಿನ ಹಳೆಯ ನಕಾಶೆಗಳು

ಸರ್ವೆ ಆಫ್ ಇಂಡಿಯಾ ಲೆಕ್ಕದಲ್ಲಿ ಸಂಡೂರಿನ ವಿಳಾಸ 57 ಎ/12. ಇದು ಟೋಪೋಶೀಟಿನ, ಅಂದರೆ ಭೂಲಕ್ಷಣ ನಕಾಶೆಯ ಹಾಳೆಯ, ಸಂಖ್ಯೆ. ಇಂಥ ಒಂದು ಹಾಳೆಯಲ್ಲಿ ಉದ್ದಗಲ ಸುಮಾರು 27 ಕಿ.ಮೀ. ನೆಲ ಹಿಡಿಯುತ್ತದೆ.

ಹಳೆಯ ಹಾಳೆಗಳಲ್ಲಿ ಮೈಲಿಗೆ ಒಂದು ಇಂಚು. ಮೆಟ್ರಿಕ್ ಪದ್ಧತಿ ಬಂದ ಮೇಲೆ ಅದು 1:50,000 ಆಯಿತು.

ಹಸಿರಿದ್ದರೆ ಕಾಡು, ಹಳದಿಯಿದ್ದರೆ ಹೊಲ, ನೀಲಿಯಿದ್ದರೆ ನೀರು. ಬೇಸಿಗೆಗೆ ಬತ್ತುವ ಹಳ್ಳಕ್ಕೆ ಮಾತ್ರ ಕಪ್ಪು ಗೆರೆ.

ಬೆಟ್ಟದ ಎತ್ತರ ತೋರಿಸುವುದು ಕಂದು ಬಣ್ಣದ ಸಮೋನ್ನತಿ ರೇಖೆಗಳು. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು. ಸಂಡೂರಿನಲ್ಲಿ ಕಬ್ಬಿಣದ ಅದಿರು ತೋಡಿದಂತೆಲ್ಲ ಬೆಟ್ಟದ ನೆತ್ತಿ ತಗ್ಗುತ್ತದೆ, ಹಳೆಯ ಹಾಳೆಯ ಮೇಲಿನ ಗೆರೆ ತಗ್ಗುವುದಿಲ್ಲ. ಹೀಗಾಗಿ ಗಣಿಗೆ ಮುಂಚಿನ ಬೆಟ್ಟ ಎಷ್ಟೆತ್ತರ ಇತ್ತೆಂದು ಕೇಳಿದರೆ ಸಾಕ್ಷಿ ಹೇಳುವುದು ಅದೇ.

ಈ ಬೆಟ್ಟಗಳ ಕಬ್ಬಿಣದ ಅದಿರನ್ನು ವಿವರಿಸಿದ ರಾಬರ್ಟ್ ಬ್ರೂಸ್ ಫೂಟ್ ಅವರ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನ ವರದಿ ಪ್ರಕಟವಾದದ್ದು 1895ರಲ್ಲಿ. 1863ರಲ್ಲಿ ಮದ್ರಾಸಿನ ಬಳಿ ಪಲ್ಲಾವರಂನಲ್ಲಿ ಆದಿಮಾನವನ ಕಲ್ಲಿನ ಆಯುಧ ಹೆಕ್ಕಿದವರೂ ಇವರೇ.

ಫೂಟ್ ವರದಿಯ ಮರುವರ್ಷದ, ಅಂದರೆ 1896ರ, ಬಳ್ಳಾರಿ ಮೀಸಲು ಅರಣ್ಯದ ನಕಾಶೆಯೊಂದು ನೂರು ವರ್ಷ ಕಳೆದ ಮೇಲೆ ಎರಡು ರಾಜ್ಯಗಳ ಗಡಿ ಜಗಳಕ್ಕೆ ಆಧಾರವಾಗಿ ಮುಂದೆ ಬಂತು. ಅದನ್ನು ಬರೆದಾಗ ಎರಡು ರಾಜ್ಯವೆಲ್ಲಿತ್ತು? ಬಳ್ಳಾರಿ, ರಾಯದುರ್ಗ ಎರಡೂ ಮದ್ರಾಸ್ ಪ್ರಾಂತ್ಯದ ಒಂದೇ ಜಿಲ್ಲೆಯ ತಾಲ್ಲೂಕುಗಳು. ನಡುವಿನ ಗೆರೆ ನಾಲ್ಕು ಮಾರು ಆಚೀಚೆಯಾದರೆ ಕೇಳುವವರಿರಲಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೂ ರಾಯದುರ್ಗ ಆಂಧ್ರಕ್ಕೂ ಸೇರಿದವು. ತಾಲ್ಲೂಕಿನ ಗೆರೆ ರಾತ್ರಿ ಬೆಳಗಾಗುವುದರಲ್ಲಿ ರಾಜ್ಯದ ಗಡಿಯಾಯಿತು. ಅದರಡಿಯಲ್ಲಿದ್ದ ಅದಿರಿಗೆ ಬೆಲೆ ಬಂದದ್ದು ಆಮೇಲೆ.

ಈ ಗಡಿಯ ಗುರುತಾಗಿದ್ದ ಸುಗ್ಗಲಮ್ಮ ದೇವಿಯ ಗುಡಿಯನ್ನು 2006ರಲ್ಲಿ ಸಿಡಿಮದ್ದಿಟ್ಟು ಉರುಳಿಸಲಾಯಿತು.

ಬಳ್ಳಾರಿಯಲ್ಲಿ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರ ಜುಲೈ 29ರಂದು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಹಲವು ಗಣಿಗಳಿಗೆ ಷರತ್ತಿನ ಮೇಲೆ ದಾರಿ ಬಿಟ್ಟಿತು. ಆದರೆ ಅಂತರರಾಜ್ಯ ಗಡಿಗೆ ಹತ್ತಿಕೊಂಡಿದ್ದ 7 ಗುತ್ತಿಗೆಗಳಿಗೆ ಹೇಳಿದ್ದೇ ಬೇರೆ: ಗಡಿ ಎಲ್ಲಿದೆಯೆಂದು ಇತ್ಯರ್ಥವಾಗುವ ತನಕ ಕೆಲಸ ಬಂದ್.